ನನ್ನ ಮೊದಲ ಒಪೆರಾ ಮತ್ತು ಬದನೆಕಾಯಿ

ಒಪೆರಾ ಹಾಡುಗಾರಿಕೆ ಕಲಿಯಲು ಮೈಸೂರಿನಿಂದ ಜರ್ಮನಿಗೆ ಬಂದು ಮೂರು ವರ್ಷವಾಗಿದ್ದರೂ ನನ್ನ ಕಂಠವನ್ನು ಕೇಳಿದವರು ಮೂರೇ ಜನ: ನನ್ನ ಗುರುಗಳು, ಡಾರ್ಮ್‌ಸ್ಟಾಟ್‌ನಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿರುವ ನಸ್ರೀನ್ ಮತ್ತು ಗೋಡೆ ಬಡಿಯುವ ಪಕ್ಕದ ಮನೆಯಾಕೆ. ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಯಾವುದೋ ಸಣ್ಣ ಊರಿನ ರಂಗಮಂದಿರದಿಂದ ಫೋನ್ ಬಂದಿತು. ನಾನು ಹಾಸಿಗೆಯ ಮೇಲೆಯೇ ಎದ್ದು ನಿಂತೆ!

ಅವರ ನಾಯಕಿಗೆ ಗಂಟಲು ಕಟ್ಟಿತ್ತು. ಮಧ್ಯಾಹ್ನ ಮೂರಕ್ಕೆ ಪ್ರದರ್ಶನ. ಆಕೆ ವೇದಿಕೆಯ ಮೇಲೆ ತುಟಿ ಅಲ್ಲಾಡಿಸುತ್ತ ಅಭಿನಯಿಸುತ್ತಾಳೆ, ನಾನು ಮೂಲೆಯ ಕತ್ತಲಲ್ಲಿ ನಿಂತು ಹಾಡಬೇಕು. ಇಲ್ಲಿ ಇದು ಮಾಮೂಲು.

"ಪಾತ್ರ ಬರುತ್ತದೆಯೇ?"

"ಕರತಲಾಮಲಕ!" ಎಂಬ ಅರ್ಥ ಬರುವಂತೆ ಜರ್ಮನ್‌ನಲ್ಲಿ ಹೇಳಿದೆ.

ಫೋನ್ ಇಡುವ ಮುಂಚೆ ಅವರು ಒಂದು ಮಾತು ಸೇರಿಸಿದರು. ತಮ್ಮಲ್ಲಿ ಆ ಒಪೆರಾವನ್ನು ಜರ್ಮನ್‌ನಲ್ಲಿ ಹಾಡುತ್ತಾರಂತೆ. ನಾನು ಕಲಿತದ್ದು ಇಟಾಲಿಯನ್‌ನಲ್ಲಿ.

"ಅವರು ಕಳ್ಸಿರೋ ಜರ್ಮನ್ ಹಾಡುಗಳನ್ನ ಪ್ರಿಂಟ್ ಮಾಡಿ ಕೊಡ್ತೀನಿ, ನೋಡ್ಕೊಂಡು ಹಾಡು. ಸಿಂಪಲ್!" ಎಂದಳು ನಸ್ರೀನ್.

"ನೀನೂ ಬಾರೆ. ಒಂದು ಫ್ರೀ ಟಿಕೆಟ್ ಕೊಡ್ತಾರೆ."

"ಇವತ್ತು ಆನ್-ಕಾಲ್ ಡ್ಯೂಟಿ ಕಣೇ. ಆಫೀಸಿನ ಸಿಸ್ಟಮ್ ಬಿದ್ರೆ ನನ್ನ ತಲೆ ಹೋಗುತ್ತೆ."

ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಚಿಕ್ಕಮ್ಮನ ಮಗಳ ಸೀಮಂತದ ಗದ್ದಲ. "ಏನೂ ಕೇಳಿಸ್ತಿಲ್ಲ ಪುಟ್ಟಿ! ತಿಂಡಿ ಆಯ್ತಾ? ಸಂಜೆ ಮಾಡು!" ನನ್ನ ವೃತ್ತಿಜೀವನದ ಶುಭಾರಂಭವನ್ನು ಕೇಳುವ ಪುರುಸೊತ್ತು ಭೂಮಂಡಲದಲ್ಲಿ ಯಾರಿಗೂ ಇರಲಿಲ್ಲ.

ರೈಲಿನಲ್ಲಿ ಅಭ್ಯಾಸ ಮಾಡೋಣವೆಂದು ಬಾಯಿ ತೆರೆದೆ. ಅದು ಸದ್ದು ಮಾಡಬಾರದ ಬೋಗಿ! ಎದುರಿನ ಅಜ್ಜ ಕಿಟಕಿಯ ಮೇಲಿನ ಗುರುತನ್ನು ಬೆರಳಿಟ್ಟು ತೋರಿಸಿದರು. ಉಳಿದ ಅಭ್ಯಾಸ ಟಾಯ್ಲೆಟ್ಟಿನಲ್ಲಿ ನಡೆಯಿತು. ಹೊರಗೆ ಜನ ಸಾಲುಗಟ್ಟಿ ನಿಂತಿದ್ದರು. ಅಭಿಮಾನಿಗಳಲ್ಲ.

ಮೊದಲ ಅಂಕ ಸಾಂಗವಾಗಿ ನೆರವೇರಿತು. ಎರಡನೆಯದಕ್ಕೆ ಪರದೆ ಎದ್ದ ಗಾಳಿಗೆ ನನ್ನ ಹಾಡಿನ ಹಾಳೆಗಳಲ್ಲಿ ಮೇಲಿನದು ಹಾರಿ, ಕೆಳಗೆ ಕುಳಿತಿದ್ದ ಕ್ಲಾರಿನೆಟ್‌ನವನ ತಲೆಯ ಮೇಲೆ ಇಳಿಯಿತು. ಕಥೆಯಲ್ಲಿ ನಾಯಕ ನಾಯಕಿಯನ್ನು ಬಿಟ್ಟು ಹೊರಟಿದ್ದಾನೆ. "ಹೋಗಬೇಡ, ನನಗೆ ಇನ್ಯಾರಿದ್ದಾರೆ" ಎಂದು ನಾನು ಹಾಡಬೇಕು. ಜರ್ಮನ್ ಬರಲಿಲ್ಲ. ಇಟಾಲಿಯನ್ ಬರಲಿಲ್ಲ. ವಾದ್ಯವೃಂದದ ನಿರ್ದೇಶಕರ ಕೋಲು ಮೇಲೆದ್ದಿತು. ನನ್ನ ಬಾಯಿ ತೆರೆಯಿತು.

"ಬದನೆಕಾ...ಯಿ!"

ಏಕೆಂದು ಈಗಲೂ ತಿಳಿಯದು. ಆ 'ಕಾ' ಮಾತ್ರ ಮೇಲಿನ ಸ್ವರಕ್ಕೆ ಹೇಳಿ ಮಾಡಿಸಿದಂತಿತ್ತು. ಹಿಂದೆಯೇ ಬೆಂಡೆಕಾಯಿ, ಹೀರೇಕಾಯಿ, ಪಡವಲಕಾಯಿ ಬಂದವು. ನಾಯಕಿ ತುಟಿ ಅಲ್ಲಾಡಿಸುವುದನ್ನು ಮರೆತು ನನ್ನತ್ತ ನೋಡಿದಳು. ಹೊರಟಿದ್ದ ನಾಯಕ ಹಾಗೆಯೇ ನಿಂತ. ಮೊದಲ ಸಾಲಿನ ಮುದುಕರೊಬ್ಬರು ಕಣ್ಣೊರೆಸಿಕೊಂಡರು. ಪಡವಲಕಾಯಿಗೆ!

ನನಗೆ ನಗು ಉಕ್ಕಿ ಬಂತು. ಒಬ್ಬರಾದರೂ ಜೊತೆಗೆ ನಗಲಿ ಎಂದು ಸಭೆಯ ಕಡೆ ನೋಡಿದೆ. ಅಷ್ಟು ದೊಡ್ಡ ಸಭೆ ಗಂಭೀರವಾಗಿ ಕುಳಿತಿತ್ತು. ಮೂರನೇ ಸಾಲಿನಲ್ಲಿ ನನ್ನ ಫ್ರೀ ಟಿಕೆಟ್ಟಿನ ಕುರ್ಚಿ ಖಾಲಿ ಇತ್ತು. ಮುಂದಿನ ಹಾಳೆಯಲ್ಲಿ ಜರ್ಮನ್ ಸಿಕ್ಕಿತು, ಆದರೆ ಆ ಕುರ್ಚಿ ನೋಡಿದ ಮೇಲೆ ದನಿ ತಾನಾಗಿಯೇ ನಡುಗಿತು.

ಮುಗಿದ ಮೇಲೆ ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದರು. ಕೆಲಸ ಹೋಯಿತೆಂದುಕೊಂಡೆ.

"ನಡುವೆ ಇಟಾಲಿಯನ್‌ಗೆ ಜಾರಿದಿರಿ. ಪರವಾಗಿಲ್ಲ. ಉಚ್ಚಾರಣೆ ಮಾತ್ರ ಸ್ವಲ್ಪ ತಿದ್ದಿಕೊಳ್ಳಿ."

ಹೂಗುಚ್ಛ ನಾಯಕಿಗೆ ಹೋಯಿತು. ಯಾರಾದರೂ ಗುರುತು ಹಿಡಿದಾರೆಂದು ನಾನು ಹಾಡುವಾಗ ತೊಟ್ಟ ಕಪ್ಪು ಉಡುಪಿನಲ್ಲೇ ಮೊಗಸಾಲೆಗೆ ಹೋಗಿ, ಪ್ರೇಕ್ಷಕರು ಬಿಲ್ಲೆ ಪಡೆದು ಕೋಟು ಬಿಟ್ಟುಹೋಗುವ ಕೋಣೆಯ ಬಾಗಿಲ ಬಳಿ ನಿಂತೆ. ಕೊನೆಗೂ ಒಬ್ಬ ವೃದ್ಧೆ ಮುಗುಳ್ನಗುತ್ತ ನೇರ ನನ್ನ ಬಳಿಗೇ ಬಂದರು. ಹಸ್ತಾಕ್ಷರಕ್ಕೆಂದು ಪೆನ್ನು ತೆಗೆದೆ. ಆಕೆ ನನ್ನ ಕೈಯಲ್ಲಿ ನಂಬರಿನ ಬಿಲ್ಲೆಯೊಂದನ್ನು ಇಟ್ಟರು.

"ನೀಲಿ ಕೋಟು, ದಯವಿಟ್ಟು."

ಕೋಟು ಕಾಯುವವಳು ನಾನಲ್ಲವೆನ್ನಲು ಮನಸ್ಸಾಗಲಿಲ್ಲ. ಇದನ್ನಾದರೂ ಸರಿಯಾಗಿ ಮಾಡೋಣವೆಂದು ಒಳಗೆ ಹೋಗಿ ಹುಡುಕಿ ತಂದು, ನಾನೇ ತೊಡಿಸಿದೆ. ಆಕೆ ಕನ್ನಡಿ ನೋಡಿಕೊಂಡು ಮೆಲ್ಲಗೆ ಹೇಳಿದರು:

"ಮಗಳೇ, ಇದು ನನ್ನದಲ್ಲ."