ಮಾವನ ಮನೆಗೆ ಹೋದ ಕಾಡುಕತ್ತೆ

ಮದುವೆ ಮಾಡುವುದು ಅಂಥ ಕಷ್ಟವಲ್ಲ. ಮದುವೆಗೆ ಕರೆಯುವುದಿದೆಯಲ್ಲ, ಅದು ಮನುಷ್ಯನನ್ನು ಹಣ್ಣುಗಾಯಿ ನೀರುಗಾಯಿ ಮಾಡುತ್ತದೆ. ತಂಗಿಯ ಮದುವೆಗೆ ಕರೆಯಲು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಎಂದು ಒಂದು ವಾರ ಅಲೆದೆ. ಹೋದ ಮನೆಯಲ್ಲೆಲ್ಲ ಕಾಫಿ ಕುಡಿಯಲೇಬೇಕು. ಒಲ್ಲೆ ಅಂದರೆ ಸಿಟ್ಟು, ಕುಡಿದರೆ ಹೊಟ್ಟೆಯುರಿ. ಕೊನೆಗೆ ಉಳಿದದ್ದು ಸರಗೂರಿನ ಸೋದರಮಾವ. ಕೋಟೆಗೆ ಒಂದು, ಅಲ್ಲಿಂದ ಇನ್ನೊಂದು ಎಂದು ಎರಡು ಬಸ್ಸು ಹತ್ತಿಳಿಯುವ ತ್ರಾಣ ನನಗಿರಲಿಲ್ಲ. ಲಗ್ನಪತ್ರಿಕೆಯ ನಾಲ್ಕು ಮೂಲೆಗೆ ಅರಿಸಿನ ಹಚ್ಚಿ, ಟಪಾಲಿಗೆ ಹಾಕಿಬಿಟ್ಟೆ.

ಹೈಸ್ಕೂಲು ಮೇಷ್ಟರಾದ ನನಗೆ ಸ್ಟಾಂಪು ಕೂಡಿಡುವ ಹುಚ್ಚು. ಮಾವನಿಗೆಂದು ಇದ್ದುದರಲ್ಲಿ ಚೆಂದದ್ದನ್ನೇ ಆರಿಸಿದ್ದೆ. ಕಂದು ಬೆನ್ನು, ಬಿಳಿ ಹೊಟ್ಟೆ, ಹಿಂದೆ ಹಿಮದ ಬೆಟ್ಟ. ಯಾವುದೋ ಕುದುರೆಯಿರಬೇಕು, ಮದುವೆಗೆ ಶುಭ ಎಂದುಕೊಂಡೆ. ಕೆಳಗಿನ ಸಣ್ಣ ಅಕ್ಷರ ಓದಲು ಕನ್ನಡಕ ಹಾಕಿಕೊಳ್ಳಬೇಕಿತ್ತು, ಅದಕ್ಕೂ ಬೇಸರ.

ನಾಲ್ಕೇ ದಿನಕ್ಕೆ ಮಾವನ ಪಕ್ಕದ ಮನೆಯವರು ಆ ಲಕೋಟೆಯನ್ನೇ ಹಿಡಿದು ಬಂದರು. "ಕತ್ತೆ ಅಂಟ್ಸಿ ಕರ್ದವ್ನೆ, ಇಂಥಾ ಮದ್ವೆಗೆ ನಾನು ಬರಾಕಿಲ್ಲ ಅಂದವ್ರೆ ಕಣ್ರೀ ಮೇಷ್ಟ್ರೇ."

ಅವ್ವ ನನ್ನ ಮೇಲೆ ಹರಿಹಾಯ್ದಳು. "ಹೆಣ್ಣ ಎತ್ಕೊಂಡು ಮಂಟಪಕ್ಕೆ ತರೋನು ಸ್ವಾದರಮಾವ. ನನ್ ತಮ್ಮ ಬರ್ದೇ ಇದ್ರೆ ಯಾರ್ಲಾ ಎತ್ಕೊಂಡ್ ಬತ್ತಾರೆ, ನಿನ್ ಕತ್ತೆಯಾ?" ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಳಗೆ ತಂಗಿಯೂ ಅಳುತ್ತಿದ್ದಳು. ನನಗೆ ನಿಜಕ್ಕೂ ಭಯವಾಯಿತು.

ಆಗಲಾದರೂ ಸರಗೂರಿನ ಬಸ್ಸು ಹತ್ತಬೇಕಿತ್ತು. ಮೇಷ್ಟರ ಬುದ್ಧಿ ನೋಡಿ, ಮೊದಲು ಸಾಕ್ಷಿ ಬೇಕೆಂದು ತದ್ವಿರುದ್ಧ ದಿಕ್ಕಿನ ಬೈಲಕುಪ್ಪೆಗೆ ಹೋದೆ. ಅಲ್ಲಿ ಸ್ವೆಟರ್ ಮಾರುವ ಟಿಬೆಟಿನ ಮುದುಕರೊಬ್ಬರು ನನಗೆ ಪರಿಚಯ. ಲಕೋಟೆಯನ್ನು ಬೆಳಕಿಗೆ ಹಿಡಿದು ನಕ್ಕರು.

"ಊರಿನ ಕತ್ತೆ ಅಲ್ಲ ಸಾರ್, ಇದು ಕಿಯಾಂಗ್, ಕಾಡುಕತ್ತೆ. ಲಡಾಖಲ್ಲಿ ಇದೆ, ನಮ್ಮ ಕಡೆನೂ ಇದೆ. ಚಿಕ್ಕವನಿದ್ದಾಗ ನೋಡಿದ್ದೆ. ಓಡಿದ್ರೆ ಯಾರಿಗೂ ಸಿಗಲ್ಲ. ಇದರ ಮೇಲೆ ಯಾರೂ ಮೂಟೆ ಹೊರಿಸಲ್ಲ."

ಲಕೋಟೆಯನ್ನು ವಾಪಸ್ಸು ಕೊಡಲು ಅವರಿಗೆ ಮನಸ್ಸೇ ಬರಲಿಲ್ಲ. ಇಸಿದುಕೊಳ್ಳುವಾಗ ನನಗೂ ಸಂಕಟವಾಯಿತು.

ಮಾರನೆಯ ದಿನ ಸರಗೂರಿನಲ್ಲಿ, ಮಾವನ ಜಗಲಿಯ ಮೇಲೆ ಕುಳಿತು ಪಾಠ ಶುರುಮಾಡಿದೆ. ಶೀತ ಮರುಭೂಮಿ, ಸಮುದ್ರಮಟ್ಟದಿಂದ ಎತ್ತರ, ಮೂಟೆ ಹೊರದ ಸ್ವಾಭಿಮಾನ, ಒಂದನ್ನೂ ಬಿಡಲಿಲ್ಲ. ಮಾವ ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿಸಿಕೊಂಡರು.

"ಎಲ್ಲಿದ್ದದ್ದು ಅಂದೆ?"

"ಲಡಾಖು ಮಾವ. ಹಿಮಾಲಯದ ಆಚೆ."

"ಅಷ್ಟ್ ದೂರದ್ದು ನಮ್ಮನೆ ಬಾಗ್ಲಿಗೆ ಬಂತು. ಉಣ್ಸೂರಿಂದ ಬರಾಕೆ ನಿಂಗೇನ್ಲಾ ಆಗಿತ್ತು?"

ಲಕೋಟೆಯನ್ನು ಮಡಿಸಿ ಜೇಬಿಗೆ ಸೇರಿಸಿದೆ. ಮಾವ ಮುಖ ಆಚೆ ತಿರುಗಿಸಿದರು. "ಅಕ್ಕನ ಮಗ ಟಪಾಲಲ್ಲಿ ಕರ್ದ ಅಂತ ನಾಕ್ ಜನದ್ ಮುಂದೆ ಯೋಳಾಕೆ ನಂಗೇ ನಾಚ್ಕೆ ಆಯ್ತು ಕಣ್ಲಾ. ಅದ್ಕೇ ಕತ್ತೆ ಮ್ಯಾಲೆ ಆಕ್ದೆ."

ಎದ್ದು ಕಾಲಿಗೆ ಬಿದ್ದೆ. ಅತ್ತೆ ತಂದ ತಟ್ಟೆಯಲ್ಲಿ ಪತ್ರಿಕೆ ಇಟ್ಟು ಇಬ್ಬರಿಗೂ ಕೊಟ್ಟೆ. ಮಾವ ಅದನ್ನು ಕಣ್ಣಿಗೊತ್ತಿಕೊಂಡರು. "ಬತ್ತೀನಿ ಬುಡು. ಮಗೀನ ಎತ್ಕೊಳಾಕೆ ನಾನಿಲ್ದೆ ಇನ್ಯಾರು? ಇವತ್ತು ಉಂಡು ಇಲ್ಲೇ ಇದ್ದು, ನಾಳೀಕೆ ಓಗುವಂತೆ" ಎಂದು ನನ್ನ ಬೆನ್ನು ಸವರಿದರು.

ನನಗೆ ಅಳು ಬಂತು. ನಾಚಿಕೆಗೆಟ್ಟು ಒಪ್ಪಿಕೊಳ್ಳುತ್ತೇನೆ, ಕಣ್ಣೊರೆಸಿಕೊಳ್ಳುತ್ತಲೇ ಅತ್ತೆಯನ್ನು ಮೆಲ್ಲಗೆ ಕೇಳಿದೆ, "ಕೋಟೆಗೆ ಕೊನೇ ಬಸ್ಸು ಎಷ್ಟೊತ್ತಿಗೆ?"