ನಮ್ಮವ್ವನ ಸೀಮೆಎಣ್ಣೆ ಡಬ್ಬ

ಹಳೇ ಕಾಲ ಅನ್ನೋದು ಸತ್ತು ಮಲಗೋದಿಲ್ಲ ಕಣ್ರವ್ವ. ಎಲ್ಲಿ ಹೋದರೂ ಎದುರಿಗೆ ಬಂದು ನಿಂತು ನನ್ನನ್ನು ನಗಿಸದೆ ಬುಡೋದಿಲ್ಲ. ಈ ಸಲ ಬಣ್ಣ ಬಳಿಸಿಕೊಂಡು, ಗಾಜು ಹಾಕಿಸಿಕೊಂಡು ಬಂದಿತ್ತು.

೧. ಇದ್ದಿಲು ಬಸ್ಸು

ಮೊಮ್ಮಗಳ ಜೊತೆ ಮಡಿಕೇರಿ ಕಡೆ ಹೋಗುವಾಗ ಕಂಪಲಾಪುರದ ಹತ್ತಿರ ಕಾಫಿಗೆ ನಿಂತೆವು. ಪಕ್ಕದಲ್ಲೇ ಒಂದು ಅಂಗಡಿ. ಜೇನುತುಪ್ಪ, ಕಾಫಿಪುಡಿ, ಗೋಡೆ ತುಂಬ ಯುದ್ಧದ ಕಾಲದ ಫೋಟೋಗಳು. ಕಪ್ಪು ಬಿಳುಪಿನವಕ್ಕೆ ಕಂಪ್ಯೂಟರಿನಲ್ಲಿ ಬಣ್ಣ ಹಾಕಿ, ಕಟ್ಟು ಹಾಕಿಸಿ ಮಾರುತ್ತಾರಂತೆ. ಒಂದರಲ್ಲಿ, ಪೆಟ್ರೋಲು ಸಿಗದಾಗ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು. ಬೆನ್ನಿಗೆ ಹಂಡೆಯಂಥ ಒಲೆ. ಸುತ್ತ ನಿಂತ ಜನ ಬೆಣ್ಣೆಯಲ್ಲಿ ಅದ್ದಿ ತೆಗೆದಂಗೆ ಬೆಳ್ಳಗೆ.

"ಎಲ್ಲ ಎಷ್ಟು ಚೆನ್ನಾಗಿದಾರಲ್ವಾ ಅಜ್ಜಿ?" ಅಂದಳು ಅಂಗಡಿಯಾಕೆ.

"ಇವ್ರು ಇನ್ನೂ ಬಸ್ಸು ಹತ್ತಿಲ್ಲ ಕಣವ್ವ," ಅಂದೆ. "ದಿಬ್ಬ ಬಂದ್ರೆ ಎಲ್ಲಾರೂ ಇಳಿದು ತಳ್ಳಬೇಕಿತ್ತು. ಮಸಿ ಪೂರಾ ಮೊಕಕ್ಕೆ. ನಮ್ಮ ಸೋದರಮಾವ ಉಣಸೂರಿಗೆ ಎಣ್ಣು ನೋಡಕ್ಕೆ ಅದ್ರಲ್ಲೇ ಓಗಿದ್ದ. ಮೊಕ ತೊಳ್ಕೊಂಡು ಒಳಿಕ್ಕೆ ಬಂದ್ರೆ ಎಣ್ಣಿನೋರು, 'ನೀವು ಈಗ ಬಂದ್ರಿ, ಸರಿ. ಆಗ್ಲೇ ಬಂದಿದ್ದ ಗಂಡು ಎಲ್ಲೋದ?' ಅಂದ್ರಂತೆ."

೨. ಡಬ್ಬದ ಸಾಲು

ಅದರ ಪಕ್ಕದ ಫೋಟೋ ಮುಂದೆ ನನ್ನ ಕಾಲು ನಿಂತೇಬಿಟ್ಟಿತು. ನನ್ನ ತವರೂರಿನಲ್ಲಿ ಸೀಮೆಎಣ್ಣೆ ಅಳೆದು ಕೊಡುತ್ತಿದ್ದ ಅದೇ ಅಂಗಡಿ, ಅದರ ಮುಂದೆ ಡಬ್ಬಗಳ ಸಾಲು. ಬಿಸಿಲಲ್ಲಿ ಯಾರು ನಿಲ್ಲುತ್ತಾರೆ? ಡಬ್ಬ ಇಟ್ಟು ನೆರಳಿಗೆ ಹೋಗೋದು. ಡಬ್ಬ ನಿಂತರೆ ಆಳು ನಿಂತಂಗೇ ಲೆಕ್ಕ. ಗುರುತಿಗೆ ನಮ್ಮ ಎದುರುಮನೆ ದೊಡ್ಡವ್ವ ಹಿಡಿಗೆ ತೆಂಗಿನ ನಾರಿನ ಹಗ್ಗ ಸುತ್ತಿದ್ದಳು. ನಮ್ಮವ್ವ ತನ್ನ ಸೀರೆ ಅಂಚು ಹರಿದು ಕಟ್ಟಿದ್ದಳು. ಕೋಳಿ ಕೂಗುವ ಮುಂಚೆ ಹೋದರೂ ಹಗ್ಗದ ಡಬ್ಬವೇ ಮುಂದೆ. "ಅವ್ಳು ಡಬ್ಬದೊಳಗೇ ಮನಿಕತಾಳೆ ಕಣೇ" ಅಂತ ಅವ್ವ ಬೈಯೋಳು.

ಫೋಟೋದಲ್ಲೂ ಹಂಗೇ. ಮೊದಲು ಹಗ್ಗ, ಹಿಂದೆ ಅವ್ವನ ಸೀರೆ ಅಂಚು. ಅದಕ್ಕೆ ಗುಲಾಬಿ ಬಣ್ಣ ಹಾಕಿಬಿಟ್ಟಿದ್ದರು. ಅದು ಎಳೇ ರಾಗಿ ಪೈರಿನ ಹಸಿರು. ನಾನು ಮುಖ ಒರೆಸಿಕೊಂಡು ಬೆಳೆದ ಸೀರೆ.

ನಮ್ಮವ್ವನದು ಒಂದೇ ಒಂದು ಫೋಟೋ ಇಲ್ಲ. ನಾನೊಬ್ಬಳೇ ಮಗಳು, ಎಡೆ ನಾನೇ ಇಡಬೇಕು. ಪಿತೃಪಕ್ಷದಲ್ಲಿ ಮಿಕ್ಕವರೆಲ್ಲ ಗೋಡೆ ಮೇಲಿಂದ ನೋಡುತ್ತಾರೆ, ಅವಳ ಹೆಸರಿಗೆ ಒಂದು ಚೊಂಬು. ಅವಳೂ ಗೋಡೆ ಮೇಲೆ ಬರಲಿ ಅಂತ ಎಷ್ಟು ಕಾಲದ ಆಸೆ.

ಅಂಗಡಿಯಾಕೆ ಹೇಳಿದಳು, "ಈ ಚಿತ್ರದಲ್ಲಿ ಮನುಷ್ಯರೇ ಇಲ್ಲ ನೋಡಿ ಅಜ್ಜಿ. ಏನೋ ಒಂಥರಾ ಶೂನ್ಯ. ಅದೇ ಕಲೆ."

"ಶೂನ್ಯ ಅಲ್ಲ ಕಣವ್ವ! ಜನ ಎಲ್ಲ ಇಲ್ಲೇ ಪಕ್ಕದಲ್ಲಿ ಉಣಸೆ ಮರದಡಿ ಎಲೆಅಡಿಕೆ ಆಕ್ಕೊಂಡು ಕೂತವ್ರೆ. ಫೋಟೋ ಇಡಿದೋನ ಕತ್ತು ಒಂಚೂರು ಆ ಕಡೀಕೆ ತಿರುಗಬಾರದಾಗಿತ್ತಾ!"

೩. ಎಡೆ

ಮೊಮ್ಮಗಳು ಆ ಅಂಚಿಗೆ ಹಸಿರು ಬಣ್ಣ ಹಾಕಿಸಿಯೇ ಫೋಟೋ ತಂದಳು. ಪಿತೃಪಕ್ಷಕ್ಕೆ ಗೋಡೆಗೆ ಮೊಳೆ ಹೊಡೆಯುತ್ತಾ ಮಗ ಗೊಣಗಿದ, "ಡಬ್ಬಕ್ಕೆ ಊವಿನ ಆರ ಆಕುದ್ರೆ ಊರೋರು ನಗ್ತಾರೆ ಕಣವ್ವ."

"ಇಷ್ಟು ವರ್ಸ ಚೊಂಬಿಗೆ ಆಕ್ದಾಗ ನಗ್ನಿಲ್ವಲ್ಲ? ಚೊಂಬು ನಿಮ್ಮಪ್ಪ ಸಂತೇಲಿ ತಂದಿದ್ದು. ಡಬ್ಬ ನಮ್ಮವ್ವ ಸೊಂಟದ ಮೇಲೆ ಒತ್ತಿದ್ದು. ಒಡಿಯೋ ಮೊಳೆ!"

ಎಡೆಗೆ ನಮ್ಮ ಬೀದಿಯ ಅಕ್ಕನನ್ನೂ ಕರೆದಿದ್ದೆ. ಬೇರೆ ಯಾರೂ ಅಲ್ಲ, ಆ ಹಗ್ಗದ ಡಬ್ಬದ ದೊಡ್ಡವ್ವನ ಮಗಳು; ನನ್ನಂಗೇ ಈ ಊರಿಗೆ ಸೊಸೆಯಾಗಿ ಬಂದವಳು. ಕನ್ನಡಕ ಒರೆಸಿ ಒರೆಸಿ ಫೋಟೋ ನೋಡಿದಳು. ಕೈ ಮುಗಿದಳು. ಅವಳ ಕಣ್ಣಲ್ಲೂ ನೀರು, ನನ್ನ ಕಣ್ಣಲ್ಲೂ ನೀರು. ನಾನು ಎಡೆ ಎಲೆ ಎತ್ತಿಕೊಂಡು, "ಬಾರವ್ವ, ಉಣ್ಣು ಬಾ" ಅಂತ ಅವ್ವನ ಡಬ್ಬದ ಕಡೆ ಹಿಡಿದೆ.

ಅಕ್ಕ ನನ್ನ ಕೈ ಗಪ್ಪಂತ ಹಿಡಿದಳು.

"ತಡಿಯೇ! ಸಾಲು ತಪ್ಪಿಸ್ತೀಯಾ? ಮುಂದೆ ಇರೋಳು ನಮ್ಮವ್ವ. ಮೊದ್ಲು ಅವಳಿಗೆ ಇಕ್ಕು, ಆಮ್ಯಾಕೆ ನಿಮ್ಮವ್ವಂಗೆ."

ಇಕ್ಕದೆ ಏನು ಮಾಡಲಿ? ಗೋಡೆ ಹತ್ತಿದರೂ ನಮ್ಮವ್ವ ಎರಡನೆಯವಳೇ.