ಇಲ್ಲದ ತೆರಿಗೆಗೊಂದು ಬಿಲ್ಲು

ಪುಕ್ಕಟೆ ಸಲಹೆ ಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಸಿಡ್ನಿಯ ಟೂಂಗಾಬಿಯಲ್ಲಿ ಇವರ ಬೆಳೆ ವರ್ಷವಿಡೀ ಹುಲುಸು. ಯಾರ ಮನೆಯಲ್ಲಾದರೂ ಸತ್ಯನಾರಾಯಣ ಪೂಜೆಯಾಗಲಿ, ಮಂಗಳಾರತಿ ತಟ್ಟೆ ಇನ್ನೂ ಎಲ್ಲರ ಮುಂದೆ ಬಂದಿರುವುದಿಲ್ಲ, ಆಗಲೇ ಗ್ಯಾರೇಜಿನ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಪಂಡಿತರ ಸಭೆ ಕೂಡಿರುತ್ತದೆ. ಪಿಆರ್ ವೀಸಾ, ಮನೆಸಾಲ, ಮಂಡಿನೋವು, ಏನನ್ನೇ ಕೇಳಿ, ‘ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನಂತೂ ಕೇಳಿಲ್ಲ. ಸಭೆಯ ಸ್ವಯಂಘೋಷಿತ ಅಧ್ಯಕ್ಷ ಶ್ರೀಧರ, ಚಾಟ್ಸ್‌ವುಡ್‌ನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವ. ಟೆಸ್ಟ್ ಮಾಡದೆ ಹೊರಗೆ ಬಿಡುವುದು ತನ್ನ ಮಾತನ್ನು ಮಾತ್ರ.

ನಾನು ಆಗಷ್ಟೇ ನೌಕರಿ ಬಿಟ್ಟು, ಮನೆಯಲ್ಲೇ ಕೂತು ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡಲು ಶುರುಮಾಡಿದ್ದೆ. ಇದ್ದ ಒಬ್ಬರೇ ದೊಡ್ಡ ಗಿರಾಕಿ ಮಂಜುನಾಥ್, ಮೈಸೂರಿನವರು, ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ಮಸಾಲೆ ಪದಾರ್ಥಗಳ ಗೋದಾಮು ಇಟ್ಟವರು. ಅವರು ಕೈಬಿಟ್ಟರೆ ನಾನು ಮತ್ತೆ ನೌಕರಿ ಬೇಡಲು ಊರೆಲ್ಲ ಅಲೆಯಬೇಕು. ಅಂಥದೇ ಒಂದು ಪೂಜೆಯಲ್ಲಿ ಶ್ರೀಧರ ಕೇಸರಿಬಾತ್ ಅಗಿಯುತ್ತಲೇ ಕೇಳಿದ: “ಅಲ್ಲಾ ಗುರು, ನೀನಿರೋದು ಸಿಡ್ನಿ, ಕ್ಲೈಂಟ್ ಇರೋದು ಮೆಲ್ಬರ್ನ್. ವಿಕ್ಟೋರಿಯಾ ಸ್ಟೇಟ್‌ಗೂ ಇನ್‌ಕಮ್ ಟ್ಯಾಕ್ಸ್ ಕಟ್ತಿದ್ದೀಯಾ ತಾನೇ? ನ್ಯೂಜೆರ್ಸೀಲಿರೋ ನಮ್ಮ ಭಾವ ವರ್ಷಾ ವರ್ಷಾ ಎರಡೆರಡು ಸ್ಟೇಟ್‌ಗೆ ರಿಟರ್ನ್ ಹಾಕ್ತಾರೆ. ಸಿಕ್ಕಿಹಾಕ್ಕೊಂಡ್ರೆ ಸಿಟಿಜನ್‌ಶಿಪ್‌ಗೇ ಕುತ್ತು!” ಸುತ್ತ ಕೂತವರೆಲ್ಲ ಹೌದೌದು ಎಂದು ತಲೆಯಾಡಿಸಿದರು. ಭಾವ ಇರುವುದು ಅಮೆರಿಕದಲ್ಲಿ, ನಾವಿರುವುದು ಆಸ್ಟ್ರೇಲಿಯಾದಲ್ಲಿ ಎಂಬುದು ಒಬ್ಬ ಮಹಾನುಭಾವನಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಆ ಮಾತು ಬೇರೆ.

ಮನೆಗೆ ಮರಳುವಾಗ ಧಾರವಾಡದವಳಾದ ನನ್ನ ಹೆಂಡತಿ ಕಾರಿನಲ್ಲಿ ಹೇಳಿದಳು: “ಅಲ್ರೀ, ಆ ವೀಣಾ ಅವರು ಅಕೌಂಟೆಂಟ್ ಅದಾರ. ಅಲ್ಲೇ ನಿಂತು ಕೋಸಂಬರಿ ಬಡಸ್ಲಿಕ್ಕತ್ತಿದ್ರು. ಅವರನ್ನ ಒಂದ್ ಮಾತ ಕೇಳಬಾರದಿತ್ತೇನು?”

“ಕೇಳಿದರೆ ಫೀಸು ಕೊಡಬೇಕಾದೀತು,” ಎಂದೆ.

“ಭಾಳ ಶಾಣ್ಯಾ ಅದೀರಿ ಬಿಡ್ರಿ,” ಎಂದು ಆಕೆ ಕಿಟಕಿಯತ್ತ ಮುಖ ತಿರುಗಿಸಿದಳು.

ಮರುದಿನವೇ ಮಂಜುನಾಥ್ ಅವರಿಗೆ ಬಿಲ್ಲು ಕಳಿಸಿದೆ. ಕೊನೆಗೆ ಹೊಸದೊಂದು ಸಾಲು: ವಿಕ್ಟೋರಿಯಾ ರಾಜ್ಯದ ಆದಾಯ ತೆರಿಗೆ, ಶೇಕಡಾ ಹತ್ತು. ಹತ್ತೇ ಏಕೆಂದರೆ ಲೆಕ್ಕಕ್ಕೆ ಸುಲಭ. ಅರ್ಧ ಗಂಟೆಯಲ್ಲಿ ಅವರ ಫೋನ್ ಬಂತು.

“ಏನ್ ಸಾರ್ ಇದು? ಈ ದೇಶದಲ್ಲಿ ಇನ್‌ಕಮ್ ಟ್ಯಾಕ್ಸ್ ಎಲ್ಲಾ ಸೆಂಟ್ರಲ್‌ಗೇ ಹೋಗೋದು. ಸ್ಟೇಟ್‌ಗೆ ಇನ್‌ಕಮ್ ಟ್ಯಾಕ್ಸ್ ಅನ್ನೋದೇ ಇಲ್ಲ. ಇದ್ರೂ ನಿಮ್ಮ ಸಂಪಾದನೆ ಟ್ಯಾಕ್ಸ್ ನಾನ್ಯಾಕೆ ಕಟ್ಲಿ? ನಂಗೇ ಟೋಪಿ ಹಾಕ್ತೀರಾ?”

ಕಳ್ಳ ಅನ್ನಿಸಿಕೊಳ್ಳುವುದಕ್ಕಿಂತ ದಡ್ಡ ಅನ್ನಿಸಿಕೊಳ್ಳುವುದೇ ಮೇಲೆಂದು ಶ್ರೀಧರನ ಮಾತನ್ನೂ ಅವನ ಭಾವನ ಕಥೆಯನ್ನೂ ಒಂದೂ ಬಿಡದೆ ಒಪ್ಪಿಸಿದೆ.

“ಮನೇಲಿ ಯಾರೂ ನಿಮಗೆ ಬುದ್ಧಿ ಹೇಳ್ಲಿಲ್ವಾ?”

“ಹೆಂಡತಿ ಹೇಳಿದ್ದಳು, ಅಕೌಂಟೆಂಟ್‌ನ ಕೇಳಿ ಅಂತ.”

“ಸರಿ, ಕೆಲಸ ನೀವೇ ಮುಂದುವರಿಸಿ. ಬಿಲ್ ಮಾತ್ರ ಇನ್ಮೇಲೆ ನಿಮ್ಮ ಮಿಸೆಸ್ಸೇ ಕಳಿಸ್ಲಿ,” ಎಂದರು.

ಶ್ರೀಧರನಿಗೆ ಇದನ್ನು ಹೇಳಿದರೆ, “ಹಂಗಾದ್ರೆ ರೂಲ್ಸ್ ಚೇಂಜ್ ಆಗಿರ್ಬೇಕು ಬಿಡು,” ಎಂದ, ನಾಚಿಕೆಗೆಟ್ಟವ. ಅವನನ್ನು ಮನಸಾರೆ ಉಗಿಯೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮಂಜುನಾಥ್ ಅವರ ಫೋನ್ ಬಂತು. ಗಂಟಲು ಸರಿಮಾಡಿಕೊಂಡು, ಸ್ವಂತ ಉದ್ಯೋಗಸ್ಥನ ಗತ್ತಿನಲ್ಲಿ, “ನಮಸ್ಕಾರ, ಹೇಳಿ ಸಾರ್,” ಎಂದೆ.

“ನಮಸ್ಕಾರ,” ಎಂದರು. “ಮೇಡಂ ಇಲ್ವಾ?”